ಟೊಂಕ ಹಿಡಿದಾಗ ಯಾರ ಕೈಗೆ ಕೊಡೋದು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಒಂಬತ್ತು ವರ್ಷದ ಹಿಂದೆ ಕಾಗದದ ಪೆಟ್ಟಿಗೆ ಎತ್ತಲು ಬಗ್ಗಿದವನು ಬಗ್ಗಿದಲ್ಲೇ ನಿಂತೆ. ಚಳಕು ಹೊಡೆದು ಟೊಂಕ ಹಿಡಿದಿತ್ತು. ಅವತ್ತಿನಿಂದ ಈ ಊರಲ್ಲಿ ಟೊಂಕಕ್ಕೆ ಕೈ ಹಚ್ಚುವವರು ಎಷ್ಟು ಬಗೆಯವರಿದ್ದಾರೋ ಹೆಚ್ಚೂಕಡಿಮೆ ಅಷ್ಟೂ ಜನರ ಮುಂದೆ ಬೋರಲು ಮಲಗಿ ಎದ್ದಿದ್ದೇನೆ. ಈಗ ಗಿರಾಕಿಗಳು ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಸುತ್ತಲೇ ಇದನ್ನೂ ಕೇಳುತ್ತಾರೆ.

ಹೋದ ವಾರ ಮೂವರು ಕೇಳಿದರು. ಒಬ್ಬರು ಆಳಂದ ಕಡೆಯ ರೈತರು. ತೊಗರಿ ಚೀಲ ಎತ್ತಿ ಮೂರು ದಿನದಿಂದ ಬಗ್ಗಲಾಗುತ್ತಿಲ್ಲ. ಇನ್ನೊಬ್ಬರು ಬಸ್ ಡ್ರೈವರ್, ಎರಡು ವರ್ಷದ ಹಳೇ ನೋವು. ಮೂರನೆಯವರು ಟೀಚರ್. ಅವರು ಕೇಳಿದ್ದು ಎಪ್ಪತ್ತು ದಾಟಿದ ತಾಯಿಗಾಗಿ. "ಯಾರ ಕಡೆ ತೋರಿಸೋದು ಛಲೋರಿ ಅಣ್ಣಾರ?" ಪ್ರಶ್ನೆ ಒಂದೇ, ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಮೋಸವಾಗುತ್ತದೆ.

ನಾನು ಡಾಕ್ಟರ್ ಅಲ್ಲ. ನೋವು ತಿಂದವನು, ದುಡ್ಡು ಕಳಕೊಂಡವನು, ಆಮೇಲೆ ಕೂತು ಓದಿದವನು. ಅಷ್ಟೇ ಅರ್ಹತೆ.

ಯಾರ ಕೈಗೂ ಕೊಡಬಾರದ ಟೊಂಕ

ಹೋಲಿಕೆಗೆ ಮೊದಲು ಒಂದು ಜರಡಿ ಹಿಡಿಯಬೇಕು. ನಮ್ಮ ಕಾಕಾ ಒಬ್ಬರಿಗೆ ಎರಡು ತಿಂಗಳು ಟೊಂಕ ತಿಕ್ಕಿಸಿದೆವು. ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು, ಪ್ಯಾಂಟು ಸಡಿಲವಾಗಿತ್ತು, ಯಾರೂ ಲಕ್ಷ್ಯ ಕೊಡಲಿಲ್ಲ. ಕೊನೆಗೆ ಗೊತ್ತಾಗಿದ್ದು ಬೆನ್ನುಮೂಳೆಯ ಟಿಬಿ. ಟಿಬಿ ಬರೀ ಎದೆಗೆ ಬರುತ್ತದೆ ಅಂದುಕೊಂಡಿದ್ದೆವು. ಬೆನ್ನಿಗೂ ಬರುತ್ತದೆ. ಅಂಥ ಬೆನ್ನನ್ನು ಒತ್ತಿ ತಿರುಚಿದರೆ ಆಗುವುದು ಕೇಡೇ.

ಹಾಗಾಗಿ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದು, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದು, ಬಿದ್ದು ಪೆಟ್ಟಾಗಿದ್ದು, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರ್. ಇನ್ನೂ ಮುಖ್ಯವಾದದ್ದು ಮೂತ್ರ, ಸಂಡಾಸಿನ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟಿಕೊಳ್ಳುವುದು. ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಕಾಲಿನಿಂದ ಚಪ್ಪಲಿ ತಾನಾಗಿ ಜಾರುವಷ್ಟು ಶಕ್ತಿ ಕುಂದುವುದು ಕೂಡ ಅದೇ ಸಾಲಿನವು. ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಬೆನ್ನುಹುರಿಯ ತುದಿಯ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ, ತಡವಾದಷ್ಟೂ ಹೋದ ಶಕ್ತಿ ತಿರುಗಿ ಬರುವುದು ಕಷ್ಟ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಅನ್ನುವ ಸರ್ಕಾರಿ ದೊಡ್ಡಾಸ್ಪತ್ರೆಗಳಿವೆ.

ನಮ್ಮ ಕಡೆ ಇನ್ನೆರಡು ನೆನಪಿಡಬೇಕು. ಒಂದು, ಫ್ಲೋರೈಡ್. ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಬೆನ್ನು ಕಟ್ಟಿಗೆಯಂತೆ ಬಿಗಿಯುತ್ತದೆ. ಅದು ಉಳುಕಲ್ಲ. ಮೂಳೆ ದಪ್ಪಗೆ ಕಂಡರೂ ಒಳಗೆ ಪೆಡಸು, ಜಗ್ಗಿದರೆ ಮುರಿಯಬಹುದು. ಇನ್ನೊಂದು, ಕಿಡ್ನಿ ಕಲ್ಲು. ನಮ್ಮ ಬಿಸಿಲಿಗೆ, ನಾವು ಕುಡಿಯುವ ನೀರಿನ ಅಳತೆಗೆ ಅದೇನು ಅಪರೂಪವಲ್ಲ. ನೋವು ಒಂದೇ ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತಿದ್ದರೆ, ಹೇಗೆ ಮಲಗಿದರೂ ಸಮಾಧಾನವಿಲ್ಲದೆ ಒದ್ದಾಡುವಂತಾದರೆ, ಅದಕ್ಕೆ ಎಣ್ಣೆ ತಿಕ್ಕಿ ಪ್ರಯೋಜನವಿಲ್ಲ.

ಹೆದರಬೇಡಿ. ಟೊಂಕ ನೋವಿನ ನೂರರಲ್ಲಿ ತೊಂಬತ್ತು ಜನಕ್ಕೆ ಇಂಥದ್ದೇನೂ ಇರುವುದಿಲ್ಲ. ಮುಂದಿನ ಮಾತೆಲ್ಲ ಆ ತೊಂಬತ್ತು ಜನಕ್ಕೆ.

ಯಾವ ತಕ್ಕಡಿಯಲ್ಲಿ ತೂಗೋದು

ನಾನೀಗ ನಾಲ್ಕು ಸಂಗತಿ ನೋಡುತ್ತೇನೆ. ಕೈ ಹಚ್ಚುವವರು ಮೇಲಿನ ಜರಡಿ ಹಿಡಿಯುತ್ತಾರೋ ಇಲ್ಲವೋ, ಇದು ಮೊದಲನೆಯದು. ಗುಣ ಎಷ್ಟು ದಿನ ನಿಲ್ಲುತ್ತದೆ, ಎರಡನೆಯದು. ಮೂರನೆಯದು ಖರ್ಚು. ಫೀ ಒಂದೇ ಅಲ್ಲ, ಪೂರ್ತಿ ಖರ್ಚು. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ನಾನು ನನ್ನ ಕಾಲ ಮೇಲೆ ನಿಲ್ಲುತ್ತೇನೋ, ಅವರ ಕೈಗೇ ಕಟ್ಟುಬೀಳುತ್ತೇನೋ?

ಖರ್ಚಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಚಿಂಚೋಳಿಯಿಂದ ಬರುವ ಒಬ್ಬ ಕೂಲಿಕಾರನಿಗೆ ಫೀ 400, ಬಸ್ಸು-ಚಹಾ 200, ತಪ್ಪಿದ ಕೂಲಿ 500 ಅಂತ ಹಿಡಿಯಿರಿ. ಒಂದು ಸಿಟ್ಟಿಂಗ್ ಅವನಿಗೆ 1,100 ಬಿತ್ತು. ಹತ್ತು ಸಿಟ್ಟಿಂಗ್ ಅಂದರೆ 11,000. ಅದೇ ಚಿಕಿತ್ಸೆ ಪಕ್ಕದ ಓಣಿಯಲ್ಲಿರುವ ನನಗೆ 4,000ಕ್ಕೆ ಮುಗಿಯುತ್ತದೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡು ಉಳಿಯಿತು, ಕೂಲಿ ಉಳಿಯಲಿಲ್ಲ. ಹಾಗಾಗಿ "ಫೀ ಎಷ್ಟು" ಅನ್ನುವುದಕ್ಕಿಂತ "ಎಷ್ಟು ಸಲ ಬರಬೇಕು" ಅನ್ನುವ ಪ್ರಶ್ನೆಯೇ ದೊಡ್ಡದು.

ಕೈ ನಿಜವಾಗಿ ಏನು ಮಾಡುತ್ತದೆ?

"ಎಲುಬು ಸರಿದಿತ್ತು, ಕೂಡಿಸಿದೆ" ಅನ್ನುವ ಮಾತು ಎಲ್ಲ ಕಡೆ ಕೇಳಿದ್ದೇನೆ. ನಿಜ ಹಾಗಿಲ್ಲ. ಬೆನ್ನುಮೂಳೆ ಪೆಟ್ಟಿಗೆ ಎತ್ತಿದ ಮಾತ್ರಕ್ಕೆ ಜಾಗ ಬಿಟ್ಟು ಸರಿಯುವ ವಸ್ತುವಲ್ಲ. ಅಷ್ಟು ಸರಿದಿದ್ದರೆ ನೀವು ಅವರ ಮನೆತನಕ ನಡೆದು ಹೋಗುತ್ತಲೇ ಇರಲಿಲ್ಲ. ಇನ್ನು ಆ "ಕಟ್" ಸದ್ದು ಬರುವುದು ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಪೊಳ್ಳು ಮೂಡಿದಾಗ. 2015ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ನೆಟಿಗೆಯನ್ನು ಎಂಆರ್‌ಐನಲ್ಲೇ ಹಿಡಿದು ಇದನ್ನು ತೋರಿಸಿದರು. ಸದ್ದು ಬಂದರೆ ಗುಣ, ಬರದಿದ್ದರೆ ವ್ಯರ್ಥ ಅನ್ನುವಂತಿಲ್ಲ.

ಹಾಗಾದರೆ ಹಗುರ ಅನಿಸುವುದು ಸುಳ್ಳಾ? ಅಲ್ಲ. ಒತ್ತಿದಾಗ, ಜಗ್ಗಿದಾಗ ಬಿಗಿದ ಸ್ನಾಯು ಸಡಿಲುತ್ತದೆ. ನರಮಂಡಲ ನೋವಿನ ಗಂಟೆಯನ್ನು ಸ್ವಲ್ಪ ಹೊತ್ತು ಮೆಲ್ಲಗೆ ಬಾರಿಸುತ್ತದೆ. ಹೆದರಿ ಕುಗ್ಗಿದ್ದ ಮನುಷ್ಯ ಮೈ ಬಿಡುತ್ತಾನೆ. ಆ ಹಗುರ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಇರುತ್ತದೆ. ಆ ಹೊತ್ತಿನಲ್ಲಿ ನೀವು ಬಗ್ಗಿದಿರೋ, ನಡೆದಿರೋ, ಕೆಲಸಕ್ಕೆ ಹೊರಟಿರೋ ಅಥವಾ ಮತ್ತೆ ಗಾದಿ ಹಿಡಿದಿರೋ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಒಂಬತ್ತು ವರ್ಷದಲ್ಲಿ ನನಗೆ ತಿಳಿದ ಒಂದೇ ಒಂದು ಗುಟ್ಟು ಇದು.

ದೊಡ್ಡ ಪರೀಕ್ಷೆಗಳೂ ಇದನ್ನೇ ಹೇಳುತ್ತವೆ. ಬ್ರಿಟನ್ನಿನಲ್ಲಿ 1,334 ಜನರ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಹೊರಬಂತು. ಕೈಚಿಕಿತ್ಸೆ ಮತ್ತು ವ್ಯಾಯಾಮ ಎರಡನ್ನೂ ಪಡೆದವರಿಗೆ ಮೂರು ತಿಂಗಳಿಗೆ ಮಧ್ಯಮ ಲಾಭ, ವರ್ಷಕ್ಕೆ ಸಣ್ಣ ಲಾಭ ಕಂಡಿತು. 2019ರಲ್ಲಿ 47 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಳೇ ಟೊಂಕ ನೋವಿಗೆ ಬೆನ್ನುಮೂಳೆಯ ಕೈಚಿಕಿತ್ಸೆ ವ್ಯಾಯಾಮದಂಥ ಬೇರೆ ಒಳ್ಳೇ ಉಪಾಯಗಳಷ್ಟೇ ಕೆಲಸ ಮಾಡುತ್ತದೆ ಅಂತ ಬಂತು. ಅವುಗಳಿಗಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಮೂರು ತಿಂಗಳು ದಾಟಿದ ಟೊಂಕ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಕೈಚಿಕಿತ್ಸೆ, ಮಾಲಿಶ್ ಎರಡಕ್ಕೂ "ಆಗಬಹುದು" ಅಂದಿದೆ, ಆದರೆ ತಿಳುವಳಿಕೆ, ವ್ಯಾಯಾಮದ ಜೊತೆಗೆ. ಟೊಂಕದ ಬೆಲ್ಟ್, ತೂಕ ಕಟ್ಟಿ ಜಗ್ಗುವುದು, ಅಲ್ಟ್ರಾಸೌಂಡ್ ಶಾಖ, ಕರೆಂಟ್ ಮಷೀನು ಇವುಗಳಿಗೆ "ಬೇಡ" ಅಂದಿದೆ. ನಮ್ಮಲ್ಲಿ ಜನ ಜಾಸ್ತಿ ದುಡ್ಡು ಸುರಿಯುವುದು ಈ "ಬೇಡ" ಪಟ್ಟಿಗೇ. ತಮಾಷೆ ಅಲ್ವಾ?

ಏನೂ ಮಾಡದಿರುವುದು

ಇದನ್ನೂ ಒಂದು ಆಯ್ಕೆ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ಹೊಸದಾಗಿ ಹಿಡಿದ ಟೊಂಕ ಬಹಳ ಮಂದಿಗೆ ಆರು ವಾರದೊಳಗೆ ತಾನಾಗಿ ಇಳಿಯುತ್ತದೆ. ಬೆನ್ನು ತಿಕ್ಕಿದವರಿಗೆ ಸಿಗುವ ಹೆಸರಿನಲ್ಲಿ ಅರ್ಧ ಈ "ತಾನಾಗಿ"ಗೆ ಸೇರಬೇಕಾದದ್ದು.

ಆದರೆ ಏನೂ ಮಾಡದಿರುವುದು ಅಂದರೆ ಮಲಗುವುದಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 186 ನಗರಸಭೆ ನೌಕರರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ "ಸಹಿಸುವಷ್ಟು ದಿನದ ಕೆಲಸ ಮಾಡಿಕೊಂಡಿರಿ" ಅನ್ನುವ ಮಾತು ಮಾತ್ರ. 1995ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯವರು. ಮನೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಬೆಚ್ಚಗಿನ ಕುಸುಬಿ ಎಣ್ಣೆಯನ್ನು ಮನೆಯವರೇ ಮೆಲ್ಲಗೆ ತಿಕ್ಕಲಿ, ಓಡಾಡಿಕೊಂಡಿರಿ. ಎರಡು ವಾರ ಹೀಗೇ ನೋಡುವುದಕ್ಕೆ ಹೆಚ್ಚು ಕಮ್ಮಿ ಏನೂ ಖರ್ಚಿಲ್ಲ. ಆರು ವಾರ ದಾಟಿದ ಮೇಲೂ ಹೀಗೇ ಕೂತರೆ ಅದು ತಾಳ್ಮೆ ಅಲ್ಲ, ಉದಾಸೀನ.

ಊರಿನ ಟೊಂಕ ತಿಕ್ಕುವವರು

ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಬೀದರ್ ಕಡೆ, ಮಹಾರಾಷ್ಟ್ರದ ಗಡಿಯ ಹಳ್ಳಿಗಳಲ್ಲಿ ಕಾಲು ಮುಂದಾಗಿ ಹುಟ್ಟಿದವರನ್ನು ಮರಾಠಿಯ ಪಾಯಾಳು ಅನ್ನುವ ಹೆಸರಿನಿಂದ ಕರೆದು, ಅವರ ಕಾಲು ತಾಗಿಸಿದರೆ ಚಳಕು ಬಿಡುತ್ತದೆ ಅನ್ನುತ್ತಾರೆ. ನಾನೂ ಒದೆಸಿಕೊಂಡಿದ್ದೇನೆ. ಒದ್ದ ಹುಡುಗನಿಗೆ ಹತ್ತು ವರ್ಷ, ಅವನಿಗೇ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ನಕ್ಕಾಗ ಟೊಂಕ ಇನ್ನಷ್ಟು ನೊಂದಿತು.

ತಿಕ್ಕುವ ಅಜ್ಜಿಯರ, ಮೂಳೆ ಕಟ್ಟುವವರ ಮಾತು ಬೇರೆ. ಅವರ ಹೆಬ್ಬೆರಳಿಗೆ ಐವತ್ತು ವರ್ಷದ ಅನುಭವ ಇರುತ್ತದೆ. ಸ್ನಾಯು ಎಲ್ಲಿ ಗಂಟು ಕಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ತಟ್ಟೆಗೆ ಐವತ್ತೋ ನೂರೋ ಹಾಕಿದರಾಯಿತು, ಇಲ್ಲವೇ ಒಂದು ತೆಂಗಿನಕಾಯಿ. ಊರಲ್ಲೇ ಇರುವುದರಿಂದ ಕೂಲಿಯೂ ತಪ್ಪುವುದಿಲ್ಲ. ಮೂರನೇ ತಕ್ಕಡಿಯಲ್ಲಿ ಇವರನ್ನು ಮೀರಿಸುವವರಿಲ್ಲ.

ಸೋಲುವುದು ಮೊದಲನೆಯದರಲ್ಲಿ. "ಜ್ವರ ಬರತದೇನು, ತೂಕ ಇಳಿದದೇನು" ಅಂತ ಕೇಳಿದವರನ್ನು ನಾನು ಕಂಡಿಲ್ಲ. ಎಲ್ಲ ಟೊಂಕಕ್ಕೂ ಒಂದೇ ಉತ್ತರ: "ನರದ ಮ್ಯಾಲ ನರ ಏರ್ಯದ." ಹಾಗಾಗಿ ನನ್ನ ಮಿತಿ ಹೀಗಿದೆ. ವಯಸ್ಸು ಐವತ್ತರೊಳಗೆ, ಕಾರಣ ಗೊತ್ತಿರುವ ಹೊಸ ಉಳುಕು, ಕಾಲಿಗೆ ಇಳಿಯದ ನೋವು ಇದ್ದರೆ ಹೋಗಬಹುದು. ಬೆನ್ನ ಮೇಲೆ ಹತ್ತಿ ತುಳಿಯುವುದು, ಎರಡೂ ಕಡೆಯಿಂದ ಹಿಡಿದು ಝಟಕಾ ಕೊಡುವುದು ಬೇಡ. "ಬರೀ ತಿಕ್ಕು ಸಾಕವ್ವಾ" ಅಂತ ಮೊದಲೇ ಹೇಳಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫಿಸಿಯೋ ಅಂದರೆ ಎಲ್ಲರೂ ಒಂದಲ್ಲ

ನಾನು ಮೊದಲು ಹೋದ ಫಿಸಿಯೋಥೆರಪಿ ಜಾಗದಲ್ಲಿ ಹದಿನೈದು ಸಿಟ್ಟಿಂಗ್‌ನ ಪ್ಯಾಕೇಜಿಗೆ ಮುಂಚೆಯೇ 6,000 ಕಟ್ಟಿಸಿಕೊಂಡರು. ಬೋರಲು ಮಲಗಿಸಿ, ನಾಲ್ಕು ಪ್ಯಾಡ್ ಅಂಟಿಸಿ, ಕರೆಂಟ್ ಹಚ್ಚಿ, ಹುಡುಗ ಮೊಬೈಲ್ ನೋಡುತ್ತ ಕೂರುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ಗಂಟೆ ಬಾರಿಸಿದರೆ ಎದ್ದು ಬರುವುದು. ಕೊನೆಯ ದಿನ ಬೆಲ್ಟೂ ಕೊಂಡೆ. ಹದಿನೈದು ದಿನದಲ್ಲಿ ಒಬ್ಬರೂ ನನ್ನ ಟೊಂಕವನ್ನು ಕೈಯಿಂದ ಮುಟ್ಟಲಿಲ್ಲ.

ಎರಡು ವರ್ಷದ ನಂತರ ಇನ್ನೊಬ್ಬರ ಬಳಿ ಹೋದೆ. ಅವರು ಮೊದಲ ಅರ್ಧ ಗಂಟೆ ಬರೀ ಕೇಳಿದರು. ಬೆಳಗ್ಗೆ ಬಿಗಿತವೋ ಸಂಜೆಯೋ, ಕೆಮ್ಮಿದರೆ ನೋಯುತ್ತದೋ, ಯಾವ ಕೈಯಿಂದ ಪೆಟ್ಟಿಗೆ ಎತ್ತುತ್ತೀರಿ, ರಾತ್ರಿ ನಿದ್ದೆ ಹೇಗೆ, ಅಂಗಡಿ ಸಾಲ ಎಷ್ಟಿದೆ ಅಂತ. ಸಾಲಕ್ಕೂ ಟೊಂಕಕ್ಕೂ ಏನು ಸಂಬಂಧ ಅಂತ ಅವತ್ತು ಅನಿಸಿತ್ತು. ನಿದ್ದೆ, ಚಿಂತೆ, ನೋವು ಮೂರೂ ಒಂದೇ ಹಗ್ಗದ ಎಳೆ ಅಂತ ಆಮೇಲೆ ಗೊತ್ತಾಯಿತು. ನಂತರ ಹೆಬ್ಬೆರಳಿಟ್ಟು ಬೆನ್ನಿನ ಒಂದೊಂದೇ ಮಣಿಯನ್ನು ಒತ್ತಿ ಸಡಿಲಿಸಿದರು. ಹೀಗೆ ಒತ್ತುವುದಕ್ಕೆ ಅಳತೆ ಇದೆ. ಆಸ್ಟ್ರೇಲಿಯಾದ ಮೇಟ್‌ಲ್ಯಾಂಡ್ ಅನ್ನುವವರು ರೂಢಿಗೆ ತಂದ ಕ್ರಮದಲ್ಲಿ ಒಂದರಿಂದ ನಾಲ್ಕನೇ ದರ್ಜೆ ತನಕ ನಿಧಾನದ ಒತ್ತು. ಐದನೆಯದು ಸರಕ್ಕನೆ ಕೊಡುವ ಝಟಕಾ, ಎಲ್ಲರಿಗೂ ಅದು ಬೇಕಿಲ್ಲ. ನನಗೆ ಕೊಡಲೂ ಇಲ್ಲ.

ಎದ್ದು ನಿಂತಾಗ ಹಗುರವಾಗಿತ್ತು. ಮನೆಗೆ ಹೊರಡುವವನನ್ನು ನಿಲ್ಲಿಸಿ, "ಈಗ ಬಗ್ರಿ, ಪೆಟ್ಟಿಗಿ ಎತ್ರಿ" ಅಂದರು. ಹೆದರಿಕೆಯಿಂದಲೇ ಎತ್ತಿದೆ. ಎರಡು ವ್ಯಾಯಾಮ ಬರೆದುಕೊಟ್ಟರು. ನಾಲ್ಕು ಸಲ ಸಾಕು, ಐದನೇ ಸಲ ಬಂದರೆ ನಾನೇ ಬೈತೀನಿ ಅಂದರು. ಒಟ್ಟು ಕೊಟ್ಟದ್ದು 1,600.

ಬೋರ್ಡು ಇಬ್ಬರದೂ ಒಂದೇ, ಡಿಗ್ರಿಯೂ ಒಂದೇ. ಬಿಪಿಟಿ ಅಂದರೆ ನಾಲ್ಕು ವರ್ಷದ ಓದಿನ ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಅಂತ ಈಚಿನ ತನಕ ನಡೆದುಬಂದಿತ್ತು, ಎಂಪಿಟಿ ಅಂದರೆ ಇನ್ನೆರಡು ವರ್ಷ. ಆದರೆ ಡಿಗ್ರಿ ನೋಡಿದರಷ್ಟೇ ಸಾಲದು. ಫೋನಿನಲ್ಲೇ ಕೇಳಿ: ಕೈಯಿಂದ ನೋಡುತ್ತೀರೋ ಮಷೀನಿನಿಂದಲೋ? ಎಷ್ಟು ಸಲಕ್ಕೆ ಫರಕ್ ಕಾಣಬೇಕು, ಕಾಣದಿದ್ದರೆ ಏನು ಮಾಡುತ್ತೀರಿ? ಮನೆಯಲ್ಲಿ ಮಾಡಲು ಏನು ಕಲಿಸುತ್ತೀರಿ? ಇವಕ್ಕೆ ತಡವರಿಸಿದರೆ, ಇಲ್ಲವೇ ಮೊದಲ ದಿನವೇ ಪ್ಯಾಕೇಜ್ ಅಂದರೆ, ಫೋನ್ ಇಡಿ.

ಸರ್ಕಾರಿ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಖರ್ಚು ಹೆಚ್ಚು ಕಮ್ಮಿ ಚೀಟಿಯದ್ದು ಮಾತ್ರ. ಎಲುಬಿನ ಡಾಕ್ಟರ್ ಮೊದಲು ನೋಡುವುದರಿಂದ ಜರಡಿಯೂ ಆಗುತ್ತದೆ. ಗದ್ದಲ ಜಾಸ್ತಿ, ಒಬ್ಬೊಬ್ಬರಿಗೆ ಸಿಗುವ ಹೊತ್ತು ಕಮ್ಮಿ. ಹೋದ ದಿನವೇ "ಮನೆಯಾಗ ಮಾಡೋದು ಕಲಿಸ್ರಿ, ದಿನಾ ಬರಲಿಕ್ಕೆ ಆಗಂಗಿಲ್ಲ" ಅಂತ ಬಾಯಿಬಿಟ್ಟು ಕೇಳಿದರೆ ಕಲಿಸುತ್ತಾರೆ.

ಎಂಆರ್‌ಐ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. "ಬೆನ್ನೆಲುಬಿನಾಗ ಗ್ಯಾಪ್ ಆಗ್ಯದ ಅಂತ್ರಿ" ಅಂತ ರಿಪೋರ್ಟ್ ಹಿಡಿದು ಅಳುಮುಖದಲ್ಲಿ ಬರುವವರು ಬಹಳ. ನೋವೇ ಇಲ್ಲದ ಜನರ ಸ್ಕ್ಯಾನುಗಳನ್ನು ಒಟ್ಟು ಹಾಕಿ ನೋಡಿದ ಲೆಕ್ಕವೊಂದು 2015ರಲ್ಲಿ ಬಂದಿದೆ. ಅದರಲ್ಲಿ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರ ಡಿಸ್ಕ್ (ಬೆನ್ನಿನ ಮಣಿಗಳ ನಡುವಿನ ಮೆತ್ತೆ) ಉಬ್ಬಿತ್ತು, ಎಂಬತ್ತರವರಲ್ಲಿ 84 ಜನರದ್ದು. ಅಂದರೆ ಅದು ಬಹಳ ಸಲ ತಲೆಗೂದಲು ನೆರೆತ ಹಾಗೆ. ಅಪಾಯದ ಗುರುತು ಇಲ್ಲದೆ ಬರೀ ಸಮಾಧಾನಕ್ಕೆ ಎಂಆರ್‌ಐ ಮಾಡಿಸಿದರೆ ಇದ್ದ ಸಮಾಧಾನವೂ ಹೋಗುತ್ತದೆ.

ಕಟಕಟ ಅನ್ನಿಸುವವರು

ಮೊಬೈಲಿನಲ್ಲಿ ವಿಡಿಯೋ ನೋಡಿ ಹೈದರಾಬಾದಿಗೋ ಸೋಲಾಪುರಕ್ಕೋ ಹೋಗಿ, ಬೆನ್ನೆಲುಬಿಗೆ ಕೈಯಿಂದ ಝಟಕಾ ಕೊಡುವ ಕೈರೋಪ್ರಾಕ್ಟಿಕ್ ಮಾಡಿಸಿಕೊಂಡು ಬರುವ ಹುಡುಗರು ಈಗ ಬಹಳ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ ಪಾಮರ್ ಅನ್ನುವವರು ಶುರು ಮಾಡಿದ ಪದ್ಧತಿ ಇದು. ಬೆನ್ನೆಲುಬು ಸರಿದರೆ ಬಹುಪಾಲು ರೋಗ ಬರುತ್ತವೆ ಅನ್ನುವುದು ಅವರ ನಂಬಿಕೆ, ಅದಕ್ಕೆ ಆಧಾರವಿಲ್ಲ. ಆದರೆ ಟೊಂಕದ ಮಟ್ಟಿಗೆ ಅವರ ಕೈಯ ಝಟಕಾ ಫಿಸಿಯೋ ಕೈಯಷ್ಟೇ ಕೆಲಸ ಮಾಡುತ್ತದೆ. ಬ್ರಿಟನ್ನಿನ ಆ ದೊಡ್ಡ ಅಧ್ಯಯನದಲ್ಲಿ ಕೈರೋಪ್ರಾಕ್ಟರು, ಅವರಂತೆಯೇ ಕೈಯಿಂದ ಎಲುಬು-ಸ್ನಾಯು ನೋಡುವ ಆಸ್ಟಿಯೋಪಾತು, ಫಿಸಿಯೋ ಮೂರೂ ವೃತ್ತಿಯವರು ಒಪ್ಪಿಕೊಂಡು ಒಂದೇ ಕ್ರಮದಲ್ಲಿ ಚಿಕಿತ್ಸೆ ಕೊಟ್ಟಿದ್ದರು.

ಸಿಗುವುದು ಅಷ್ಟೇ ಅಂದಮೇಲೆ ಹೈದರಾಬಾದಿನ ರೈಲು, ಊಟ, ಜಾಸ್ತಿ ಫೀ ಯಾಕೆ? ಸದ್ದಿಗೆ ಕೊಡುವ ದುಡ್ಡು ಅದು ಅಂತ ನನ್ನ ಲೆಕ್ಕ. ಹೋಗಲೇಬೇಕು ಅಂದರೆ ಎಲ್ಲಿ, ಎಷ್ಟು ವರ್ಷ ಓದಿದ್ದು ಅಂತ ಕೇಳಿ. ವರ್ಷಗಟ್ಟಲೆ ಕಾಲೇಜಿನಲ್ಲಿ ಓದಿದವರು ಹಾಕುವ ಬೋರ್ಡನ್ನೇ ಎರಡು ದಿನದ ಕೋರ್ಸಿನವರೂ ಹಾಕಿಕೊಳ್ಳಬಹುದು. ಝಟಕಾದ ಮೇಲೆ ಒಂದೆರಡು ದಿನ ಮೈ ನೋಯುವುದು ಸಾಮಾನ್ಯ, ದೊಡ್ಡ ಅನಾಹುತ ಟೊಂಕದಲ್ಲಿ ಅಪರೂಪ. ಕತ್ತು ಮಾತ್ರ ಮುಟ್ಟಿಸಬೇಡಿ. ಅಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದ ಉದಾಹರಣೆಗಳಿವೆ. ಕಟಿಂಗ್ ಅಂಗಡಿಯಲ್ಲಿ ತಲೆ ಮಾಲಿಶ್ ಮುಗಿಸಿ ಪುಕ್ಕಟೆಯಾಗಿ ಕತ್ತು ತಿರುವುತ್ತಾರಲ್ಲ, ಅದಕ್ಕೂ ಇದೇ ಮಾತು.

ಎಣ್ಣೆಯ ದಾರಿ

ಆಯುರ್ವೇದದಲ್ಲಿ ಟೊಂಕಕ್ಕೆ ಕಟಿ ಬಸ್ತಿ ಅಂತ ಇದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬಿಸಿ ಅರ್ಧ ಗಂಟೆ ನಿಲ್ಲಿಸುತ್ತಾರೆ. ನಾನು ಏಳು ದಿನ ಮಾಡಿಸಿಕೊಂಡೆ. ಒಂಬತ್ತು ವರ್ಷದಲ್ಲಿ ಇಷ್ಟು ಸುಖದ ಚಿಕಿತ್ಸೆ ಇನ್ನೊಂದಿಲ್ಲ, ಮೂರನೇ ದಿನ ಗೊರಕೆ ಹೊಡೆದೆನಂತೆ. ನೋವೂ ಇಳಿದಿತ್ತು. ಹತ್ತು ದಿನಕ್ಕೆ ಮತ್ತೆ ಬಂತು, ಯಾಕಂದರೆ ನಾನು ಬೇರೇನೂ ಮಾಡಲಿಲ್ಲ. ಎಣ್ಣೆ ಚಿಕಿತ್ಸೆಯನ್ನು ಬೇಡ ಅನ್ನುವುದಿಲ್ಲ, ಅದರ ಜೊತೆಗೆ ನಡಿಗೆ ಸೇರಿಸಿ. ಆಯುರ್ವೇದ ಕಾಲೇಜಿನ ಆಸ್ಪತ್ರೆಗಳಲ್ಲಿ ವಿಚಾರಿಸಿ, ರೆಸಾರ್ಟಿನಂಥ ಜಾಗಗಳಿಗಿಂತ ಅಲ್ಲಿ ಅಗ್ಗ. ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಸ್ಪರ್ಶ ಕಮ್ಮಿಯಾದವರು ಎಣ್ಣೆಯ ಬಿಸಿಯನ್ನು ಬೇರೆಯವರ ಕೈಯಿಂದ ಪರೀಕ್ಷೆ ಮಾಡಿಸಬೇಕು, ಸುಟ್ಟರೂ ಗೊತ್ತಾಗುವುದಿಲ್ಲ.

ಯುನಾನಿಯ ದಲಕ್ ಅನ್ನುವ ಮಾಲಿಶ್ ಕೂಡ ಇದೇ ಸಾಲಿನದು. ಬೀದರ್ ಕೋಟೆಯೊಳಗೆ ಶಾಹಿ ಹಮಾಮ್ ನೋಡಿದವರಿಗೆ ಗೊತ್ತು, ಬಿಸಿನೀರು ಮತ್ತು ಮೈ ತಿಕ್ಕಿಸಿಕೊಳ್ಳುವ ಸುಖ ನಮ್ಮ ಸೀಮೆಗೆ ಹೊಸದಲ್ಲ. ಚರ್ಮ ಕೊಯ್ದು ರಕ್ತ ತೆಗೆಯುವ ಹಿಜಾಮಾ ಬೇರೆ ವಿಷಯ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದಕ್ಕೆ ಕೂರಬಾರದು.

ಆ ಮೂವರಿಗೆ

ಆಳಂದದ ರೈತರಿಗೆ ನಾನು ಹೇಳಿದ್ದು: ಮೂರು ದಿನದ ನೋವಿಗೆ ಕಲಬುರಗಿಯಲ್ಲಿ ದುಡ್ಡು ಚೆಲ್ಲಬೇಡಿ. ಊರಲ್ಲೇ ಅಜ್ಜಿಯ ಕೈಯಿಂದ ಒಂದೆರಡು ಸಲ ತಿಕ್ಕಿಸಿ, ಶಾಖ ಕೊಡಿ, ಹೊಲದಲ್ಲಿ ಓಡಾಡಿ, ಚೀಲ ಮಾತ್ರ ಒಂದಿಷ್ಟು ದಿನ ಬೇರೆಯವರು ಎತ್ತಲಿ. ರಾಶಿ ಮುಗಿಯುವುದರೊಳಗೆ ಇಳಿಯದಿದ್ದರೆ ಒಂದೇ ಸಲ ಬಂದು ಫಿಸಿಯೋ ಹತ್ತಿರ ಕಲಿತು ಹೋಗಿ. ಶಹಾಬಾದಿನ ಪರಸಿ ಕಲ್ಲು ಎತ್ತುವವರಿಗೂ ಇದೇ ದಾರಿ. ಅವರಿಗೆ ಎರಡನೇ ಸಲ ಹಿಡಿದರೆ ತಡ ಮಾಡದೆ ಎತ್ತುವ ರೀತಿಯನ್ನೇ ತೋರಿಸಿ ತಿದ್ದಿಸಿಕೊಳ್ಳಬೇಕು.

ಡ್ರೈವರ್ ಅಣ್ಣನದು ಎರಡು ವರ್ಷದ ನೋವು. ಇದು ತಿಕ್ಕಿದರೆ ಹೋಗುವ ಹಂತ ದಾಟಿದೆ. ಕೈಯಿಂದ ನೋಡುವ ಫಿಸಿಯೋ ಬಳಿ ನಾಲ್ಕರಿಂದ ಆರು ಸಿಟ್ಟಿಂಗ್, ವಾರಕ್ಕೊಂದು, ಜೊತೆಗೆ ವ್ಯಾಯಾಮ. ಅದರೊಳಗೆ ಫರಕ್ ಕಾಣದಿದ್ದರೆ ಬಿಟ್ಟು ಡಾಕ್ಟರನ್ನು ಕಾಣಬೇಕು, ಏಳನೆಯದಕ್ಕೆ ಹೋಗಬಾರದು. ಸೀಟಿನಿಂದ ಇಳಿದ ಕಡೆಯೆಲ್ಲ ಎರಡು ನಿಮಿಷ ನಡೆಯಬೇಕು. ಅವರು ಬೆಲ್ಟ್ ತೋರಿಸಿ ಇದೇನು ಮಾಡಲಿ ಅಂದರು. ನನ್ನದೂ ಒಂದು ಮಾಡಿನಲ್ಲಿದೆ, ಜೋಡಿಯಾಗುತ್ತದೆ ಅಂದೆ. ವಾಸಿಯಾದ ಮೇಲೆ ಮತ್ತೆ ಬರದಂತೆ ತಡೆಯಲು ಸಿಗುವ ಅಗ್ಗದ ಮದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನೋಡಿದ್ದು 2024ರಲ್ಲಿ ಬಂತು. ತಿಳುವಳಿಕೆ ಪಡೆದು ನಿಧಾನವಾಗಿ ನಡಿಗೆ ಹೆಚ್ಚಿಸಿಕೊಂಡವರಲ್ಲಿ ನೋವು ತಿರುಗಿ ಬರಲು ನಡುಮಟ್ಟದಲ್ಲಿ 208 ದಿನ ಹಿಡಿಯಿತು, ಸುಮ್ನೆ ಇದ್ದವರಲ್ಲಿ 112 ದಿನ. ನಾನು ಶರಣಬಸವೇಶ್ವರ ಕೆರೆಯ ಕಡೆ ಹೋಗುತ್ತೇನೆ. ಬೇಸಿಗೆಯಲ್ಲಿ ಮಾತ್ರ ಆರೂವರೆಯೊಳಗೆ ಮನೆ ಸೇರಬೇಕು, ಇಲ್ಲದಿದ್ದರೆ ಟೊಂಕ ಉಳಿದು ತಲೆ ಹೋಗುತ್ತದೆ.

ಟೀಚರ್ ತಾಯಿಯ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳಿದೆ. ಎಪ್ಪತ್ತು ದಾಟಿದ ಹೆಣ್ಣುಮಗಳು, ಜೀವನವಿಡೀ ಕೂತು ರೊಟ್ಟಿ ಬಡಿದವರು, ಈಗ ಎತ್ತರವೂ ಸ್ವಲ್ಪ ಕುಗ್ಗಿದ್ದಾರೆ. ಅಂದರೆ ಮೂಳೆ ಸವೆದು ಯಾವುದೋ ಒಂದು ಮಣಿ ಕುಸಿದಿರಬಹುದು. ಝಟಕಾ ಇಲ್ಲ, ತುಳಿಯುವುದು ಇಲ್ಲ, ಕಟಕಟ ಇಲ್ಲ. ಮೊದಲು ಜಿಮ್ಸ್‌ನಲ್ಲಿ ಎಲುಬಿನ ವಿಭಾಗ, ಒಂದು ಎಕ್ಸ್‌ರೇ.

"ಹಂಗಾದ್ರ ಅವ್ವನ ಟೊಂಕ ಮುಟ್ಟೋದೇ ಬ್ಯಾಡೇನ್ರಿ?" ಅಂತ ಕೇಳಿದರು. ಎಕ್ಸ್‌ರೇ ನೋಡಿ ಡಾಕ್ಟರ್ ಹೂಂ ಅಂದರೆ ಮುಟ್ಟಬಹುದು. ಮಗ್ಗುಲಾಗಿ ಮಲಗಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ, ರೊಟ್ಟಿ ಹಿಟ್ಟು ನಾದುವಷ್ಟು ಒತ್ತಬೇಡಿ, ಮಗುವಿಗೆ ಎಣ್ಣೆ ಹಚ್ಚುವಷ್ಟು ಸಾಕು. ಅದಕ್ಕೆ ಬೇರೆ ಯಾರ ಕೈಯೂ ಬೇಕಿಲ್ಲ, ನಿಮ್ಮದೇ ಆಗುತ್ತದೆ.